ಮೇಜಿನ ಮೇಲಿದ್ದ ಪಾತ್ರೆ

೨೦೧೪ರಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಒಂದು ಮಂಗಳವಾರ, ಬೆಳಗಿನ ತಿಂಡಿ ಮುಗಿದು ಮೊದಲ ತರಗತಿ ಶುರುವಾಗುವ ಮುಂಚೆ, ನಾನು ಕ್ಯಾಥೋಲಿಕ್ ಗುರುಗಳನ್ನು ತಯಾರು ಮಾಡುವ ನಮ್ಮ ಗುರುಮಠದ ಚಿಕ್ಕ ಪ್ರಾರ್ಥನಾಲಯದ ಬಾಗಿಲಲ್ಲಿ ನಿಂತಿದ್ದೆ. ಕಾರಿಡಾರಿನ ಕಡೆಯ ಬಾಗಿಲು ಅದು. ಬಲಗೈಯಲ್ಲಿ ಪೂಜಾಗ್ರಂಥ ಇತ್ತು, ಎಡಗೈ ಬಾಗಿಲ ಹಿಡಿಯ ಮೇಲಿತ್ತು. ಎದುರಿಗೆ ಬಲಿಪೀಠ. ನನ್ನ ಬಲಕ್ಕೆ, ಕಿಟಕಿಯ ಕೆಳಗೆ, ಗೋಡೆಗೆ ತಾಗಿಸಿ ಇಟ್ಟ ಚಿಕ್ಕ ಮೇಜು. ಆ ಮೇಜಿನ ಮುಂದೆ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ನನಗೆ ಅರ್ಧ ಬೆನ್ನು ಮಾಡಿ ನಿಂತಿದ್ದ. ಅವನು ಮೇಜಿನ ಮೇಲಿದ್ದ ಲೋಹದ ಪಾತ್ರೆಯ ಮುಚ್ಚಳ ತೆಗೆದು, ಒಳಗಿದ್ದ ರೊಟ್ಟಿಯ ಬಿಲ್ಲೆಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದ. ಅದನ್ನು ನಾನು ಕಣ್ಣಾರೆ ಕಂಡೆ. ಪಾತ್ರೆ ಇದ್ದದ್ದು ಮೇಜಿನ ಮೇಲೆ, ಪೀಠದ ಮೇಲಲ್ಲ.

ಇದನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಈ ಸಂಗತಿ ಈಗ ಎರಡು ಕಥೆಗಳಾಗಿ ಓಡಾಡುತ್ತಿದೆ. ಇಂಗ್ಲೆಂಡಿನಲ್ಲಿ ಗುರುವಾಗಿರುವ ನಾನು ರಜೆಗೆ ಬಂದಾಗ ಮೈಸೂರಿನಲ್ಲಿ ಒಬ್ಬ ಯುವ ಗುರುಗಳು ನನಗೇ ಒಂದನ್ನು ಹೇಳಿದರು. ಇಂಗ್ಲೆಂಡಿನ ಒಬ್ಬ ಆಧುನಿಕ ಫಾದರ್ ಪೂಜೆಯ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಬಿಸ್ಕತ್ತಿನ ಹಾಗೆ ಎಲ್ಲೆಂದರಲ್ಲಿ ಬಿಟ್ಟು ಹೋಗಿದ್ದರಂತೆ. ಇನ್ನೊಂದನ್ನು ಕೊವೆಂಟ್ರಿಯಲ್ಲಿ ಕನ್ನಡದ ಪೂಜೆ ಮುಗಿದು ಚಹಾ ಕುಡಿಯುವಾಗ ಕೇಳಿದೆ. ಲ್ಯಾಟಿನ್ ಹುಚ್ಚಿನ ಒಬ್ಬ ವಿದ್ಯಾರ್ಥಿ ಪರಮಪ್ರಸಾದವನ್ನೇ ಡಬ್ಬಕ್ಕೆ ಸುರಿದನಂತೆ. ಹೇಳುವವರಿಗೆ ಬೇಕಾದ ತಪ್ಪಿತಸ್ಥ ಎರಡು ಕಥೆಗಳಲ್ಲೂ ಸಿಗುತ್ತಾನೆ. ನಾನು ಅಲ್ಲಿದ್ದೆ. ಅದು ಹಾಗೆ ನಡೆಯಲಿಲ್ಲ.

ಬರ್ಮಿಂಗ್‌ಹ್ಯಾಮ್ ಮತ್ತು ಕೊವೆಂಟ್ರಿಯ ನಡುವೆ ಇದ್ದ ಚಿಕ್ಕ ಗುರುಮಠ ಅದು. ಈಗ ಮುಚ್ಚಿಹೋಗಿದೆ, ಕಟ್ಟಡದಲ್ಲಿ ಫ್ಲ್ಯಾಟುಗಳಾಗಿವೆ. ಅಲ್ಲಿ ನನ್ನ ಕೆಲಸ ಪೂಜಾವಿಧಿ ಕಲಿಸುವುದು. ದೀಕ್ಷೆಗೆ ಹತ್ತಿರವಾದ ಡೀಕನ್ನರು ನನ್ನ ಮುಂದೆ ಪೂಜೆಯನ್ನು ಅಭ್ಯಾಸ ಮಾಡುತ್ತಿದ್ದರು. ಡೀಕನ್ ಎಂದರೆ ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನವನು; ಪ್ರಸಾದ ಹಂಚಬಹುದು, ಪೂಜೆ ಅರ್ಪಿಸುವಂತಿಲ್ಲ. ಆದ್ದರಿಂದ ಅಭ್ಯಾಸದಲ್ಲಿ ಮಾತು, ಕೈ, ನಡಿಗೆ ಎಲ್ಲವೂ ನಿಜದಂತೆಯೇ ಇದ್ದರೂ ನಡೆಯುವುದು ಏನೂ ಇಲ್ಲ. ಕೈಗಳನ್ನು ಎಷ್ಟು ಅಗಲಿಸಬೇಕು, ಪುಟವನ್ನು ಯಾವಾಗ ತಿರುಗಿಸಬೇಕು, ಬಟ್ಟಲು ಎತ್ತುವಾಗ ತೋಳು ಮೈಕಿಗೆ ತಗುಲದಂತೆ ಹೇಗೆ ನೋಡಿಕೊಳ್ಳಬೇಕು, ಇಂಥವೇ ನನ್ನ ಪಾಠ. ಪವಿತ್ರೀಕರಿಸದ ಬಿಲ್ಲೆಗಳನ್ನು ಒಂದು ಹಳೆಯ ಪಾತ್ರೆಯಲ್ಲಿ ಹಾಕಿ ಅಭ್ಯಾಸಕ್ಕೆ ಬಳಸುತ್ತಿದ್ದೆವು. ಆ ಪಾತ್ರೆಯ ಜಾಗ ಕಿಟಕಿಯ ಕೆಳಗಿನ ಅದೇ ಮೇಜು. ನಿಜವಾದ ಪೂಜೆಯ ಪಾತ್ರೆಗಳೂ ಅದೇ ಅಂಗಡಿಯವು, ಅದೇ ಆಕಾರದವು.

ಬೇರೆ ಧರ್ಮದ ಓದುಗರಿಗೆ ಒಂದು ಮಾತು. ಗುರು ಪೂಜೆಯಲ್ಲಿ ‘ಇದು ನನ್ನ ಶರೀರ’ ಎಂಬ ಕ್ರಿಸ್ತನ ಮಾತುಗಳನ್ನು ಹೇಳಿ ಪವಿತ್ರೀಕರಿಸಿದ ಮೇಲೆ ನಮಗೆ ಅದು ರೊಟ್ಟಿಯಲ್ಲ, ಕ್ರಿಸ್ತನ ಶರೀರ, ಪರಮಪ್ರಸಾದ. ನೋಡಲು ಮಾತ್ರ ಯಾವ ವ್ಯತ್ಯಾಸವೂ ಇರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಧರ್ಮಾಧ್ಯಕ್ಷರೂ ಗುರುತಿಸಲಾರರು. ಅದಕ್ಕಾಗಿಯೇ ದೀಪ, ಬಿಳಿಯ ಲಿನನ್ ವಸ್ತ್ರ, ಪರಮಪ್ರಸಾದ ಇಡುವ ಬೀಗದ ಗೂಡು ಮುಂತಾದ ಗುರುತುಗಳಿವೆ. ಹಿಂದೆ ಇನ್ನೂ ಒಂದು ಗುರುತಿತ್ತು: ಪರಮಪ್ರಸಾದವಿರುವ ಪಾತ್ರೆಗೆ ರೇಷ್ಮೆಯ ಚಿಕ್ಕ ಮುಸುಕು ಹೊದಿಸುವುದು.

ಈ ಮುಸುಕಿನ ವಿಷಯದಲ್ಲಿ ಗುರುಮಠದಲ್ಲಿ ಜಗಳವಿತ್ತು.

ಡಬ್ಬಕ್ಕೆ ಸುರಿದ ಆ ವಿದ್ಯಾರ್ಥಿ ಡೀಕನ್, ಲೀಡ್ಸ್‌ನವನು. ಗುರುಮಠಕ್ಕೆ ಬರುವ ಮುಂಚೆ ಬಸ್ ಕಂಪನಿಯೊಂದರಲ್ಲಿ ಟೈಮ್‌ಟೇಬಲ್ ಮಾಡುತ್ತಿದ್ದ. ಅವನ ಮನೆಯಲ್ಲಿ ಯಾರೂ ಚರ್ಚಿಗೆ ಹೋದವರಲ್ಲ. ನಂಬಿಕೆಯನ್ನು ಅವನೇ ಹುಡುಕಿಕೊಂಡು ಬಂದವನು. ಬಂದವನಿಗೆ ಹಳೆಯದೇ ಹಿಡಿಸಿತ್ತು: ಲ್ಯಾಟಿನ್, ಮೊಣಕಾಲೂರಿ ನಾಲಿಗೆಯ ಮೇಲೆ ಪ್ರಸಾದ ಸ್ವೀಕರಿಸುವುದು, ಕಾಲಿನವರೆಗಿನ ಕಪ್ಪು ನಿಲುವಂಗಿ. ಗುರುಮಠದ ಉಪಮುಖ್ಯಸ್ಥರಾದ ವೈಸ್ ರೆಕ್ಟರ್ ಎಪ್ಪತ್ತು ದಾಟಿದವರು, ಮ್ಯಾಂಚೆಸ್ಟರಿನವರು. ಅವರ ಪ್ರಕಾರ ಗುರು ಎಂದರೆ ಆಸ್ಪತ್ರೆಯ ವಾರ್ಡಿನಲ್ಲಿ ಕುರ್ಚಿ ಎಳೆದುಕೊಂಡು ರೋಗಿಯ ಪಕ್ಕ ಕೂರುವವನು. ಉಳಿದದ್ದೆಲ್ಲ ಅಲಂಕಾರ. ಒಂದು ದಿನ ಡೀಕನ್ನನ ನಿಲುವಂಗಿಯ ಗುಂಡಿಗಳ ಸಾಲನ್ನು ಮೇಲಿಂದ ಕೆಳಗೆ ನೋಡಿ ಅಂದರು:

"ನೀನು ಇಷ್ಟು ಗುಂಡಿ ಹಾಕ್ಕೊಳ್ಳೋಷ್ಟರಲ್ಲಿ ರೋಗಿ ಹೋಗಿಬಿಟ್ಟಿರ್ತಾನೆ, ಲ್ಯಾಡ್."

"ಅದಕ್ಕೇ ಬೇಗ ಏಳ್ತೀನಿ, ಫಾದರ್."

ಊಟದ ಮೇಜಿನಲ್ಲಿದ್ದವರೆಲ್ಲ ನಕ್ಕರು. ಅವರಿಬ್ಬರು ಮಾತ್ರ ನಗಲಿಲ್ಲ.

ಡೀಕನ್ನನ ಚಿಕ್ಕಮ್ಮ ಹೊಲಿಗೆಯವಳು. ಅವನು ಕೇಳಿದನೆಂದು ಪಾತ್ರೆಗಳಿಗೆ ಮುಸುಕು ಹೊಲಿದು ಕಳಿಸಿದ್ದಳು. ವೈಸ್ ರೆಕ್ಟರ್ ಅವನ್ನು ಎರಡೇ ವಾರದಲ್ಲಿ ತೆಗೆಸಿದರು. "ಪಾತ್ರೆಗೇನು ಚಳಿಯಾಗುತ್ತಾ?" ಎಂದು ಕೇಳಿದರು. ಅವನು ಮಡಚಿ ತನ್ನ ಕಪಾಟಿನಲ್ಲಿ ಇಟ್ಟುಕೊಂಡ. ಅಷ್ಟಕ್ಕೇ ಮುಗಿಯಲಿಲ್ಲ. ಪೂಜೆಗೆ ಬಳಸುವ ರೊಟ್ಟಿಯನ್ನು ಅಭ್ಯಾಸಕ್ಕೆ ಮುಟ್ಟುವುದಿಲ್ಲ ಎಂದು ಹಟ ಹಿಡಿದ. "ಇವತ್ತು ಇದನ್ನ ಕೈಯಲ್ಲಿ ಹಿಡ್ಕೊಂಡು ಆ ಮಾತು ಸುಮ್ಮನೆ ಹೇಳಿಬಿಟ್ಟರೆ, ನಾಳೆ ನಿಜವಾಗಿ ಹೇಳುವಾಗ ನನ್ನ ಬಾಯಿಗೆ ಏನು ಉಳಿದಿರುತ್ತೆ, ಫಾದರ್?" ಎಂದು ನನ್ನನ್ನು ಕೇಳಿದ. ವೈಸ್ ರೆಕ್ಟರ್ ಅದನ್ನು ಅವಿಧೇಯತೆ ಎಂದರು. ಪಾಠ ನನ್ನದಾದ್ದರಿಂದ ನಾನು ನಡುವಿನ ದಾರಿ ಹುಡುಕಿದೆ: ಬಿಳಿಯ ರಟ್ಟಿನಿಂದ ಬಿಲ್ಲೆ ಕತ್ತರಿಸಿಕೊ, ಅದರಲ್ಲಿ ಅಭ್ಯಾಸ ಮಾಡು. ಅಂದಿನಿಂದ ಅವನ ಮೊದಲ ಕೆಲಸ, ಬೇರೆಯವರು ಅಭ್ಯಾಸದ ಪಾತ್ರೆಯಲ್ಲಿ ಬಿಟ್ಟ ರೊಟ್ಟಿಯನ್ನು ಬಿಲ್ಲೆಗಳ ಡಬ್ಬಕ್ಕೆ ವಾಪಸ್ಸು ಹಾಕಿ, ರಟ್ಟಿನ ಬಿಲ್ಲೆ ತುಂಬುವುದು.

ಈ ಜಗಳದಲ್ಲಿ ನನ್ನ ಒಲವು ವೈಸ್ ರೆಕ್ಟರ್ ಕಡೆಗಿತ್ತು. ಅದನ್ನೂ ಹೇಳಬೇಕು. ನಾನು ಕಲಿತದ್ದು ಕರ್ನಾಟಕದಲ್ಲಿ, ಪೂಜೆಯಲ್ಲಿ ಆರತಿ ಎತ್ತಬಹುದೇ, ಚಾಪೆಯ ಮೇಲೆ ಕೂತು ಬಲಿ ಅರ್ಪಿಸಬಹುದೇ ಎಂದು ಗುರುಗಳೇ ಗುರುಗಳ ಜೊತೆ ಮಾತು ಬಿಟ್ಟಿದ್ದ ಕಾಲದಲ್ಲಿ. ನಾನು ಆರತಿಯ ಪಕ್ಷದವನು. ನನ್ನ ಅಜ್ಜಿ ಲ್ಯಾಟಿನ್ ಪ್ರಾರ್ಥನೆಯನ್ನು ತಡೆಯಿಲ್ಲದೆ ಹೇಳುತ್ತಿದ್ದಳು. ಒಂದು ಪದದ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ಅಲ್ಲದೆ ನನ್ನನ್ನು ಆ ಗುರುಮಠಕ್ಕೆ ಕರೆಸಿಕೊಂಡವರು ವೈಸ್ ರೆಕ್ಟರೇ. ಚಳಿಗಾಲದಲ್ಲಿ ನನಗೆ ಕೋಟು ಕೊಡಿಸಿದವರೂ ಅವರೇ.

ಆ ವಾರದ ಶುಕ್ರವಾರ ಗುರುಮಠ ನಡೆಸುವ ನಮ್ಮ ಮಂಡಳಿಯ ಸಭೆಯಿತ್ತು. ಡೀಕನ್ನನಿಗೆ ಬೇಸಿಗೆಯಲ್ಲಿ ಗುರುದೀಕ್ಷೆ ಕೊಡಬಹುದೇ ಇಲ್ಲವೇ ಎಂದು ಅಲ್ಲಿ ತೀರ್ಮಾನವಾಗಬೇಕಿತ್ತು. ಏಳು ವರ್ಷದ ಓದು ಆ ಒಂದು ಮಧ್ಯಾಹ್ನದ ಮೇಲೆ ನಿಂತಿತ್ತು. ಬೇಡ ಎನ್ನುವವರಿದ್ದಾರೆಂಬುದು ಅವನಿಗೂ ಗೊತ್ತಿತ್ತು.

ಮಂಗಳವಾರ ದೊಡ್ಡ ಪ್ರಾರ್ಥನಾಲಯದಲ್ಲಿ ಬಾಯ್ಲರ್ ಪೈಪು ರಿಪೇರಿ. ಕೆಲಸದವರು ಬರುವ ಮುಂಚೆ ಪರಮಪ್ರಸಾದವನ್ನು ಅಲ್ಲಿಂದ ಚಿಕ್ಕ ಪ್ರಾರ್ಥನಾಲಯದ ಗೂಡಿಗೆ ಸಾಗಿಸಬೇಕಿತ್ತು. ಅದನ್ನು ವೈಸ್ ರೆಕ್ಟರ್ ತಾವೇ ಮಾಡಿದರು. ಪಾತ್ರೆ ತಂದ ಮೇಲೆ ಗೂಡಿನ ಕೀಲಿ ತಂದಿಲ್ಲವೆಂದು ಗೊತ್ತಾಗಿ, ಪಾತ್ರೆಯನ್ನು ಇಟ್ಟು ಕೀಲಿಗೆ ಹೋದರು. ದಾರಿಯಲ್ಲಿ ಬಾಯ್ಲರ್ ಕೆಲಸದವನು ಅಡ್ಡ ಸಿಕ್ಕಿ, ವ್ಯಾನ್ ಒಳಗೆ ಬರಲು ಅವರ ಕಾರು ತೆಗೆಯಬೇಕೆಂದ. ಕಾರು ತೆಗೆಯಲು ಅಂಗಳಕ್ಕೆ ಇಳಿದರು. ಇದೆಲ್ಲ ನಾನು ನೋಡಿದ್ದಲ್ಲ, ಆಮೇಲೆ ಅವರು ಹೇಳಿದ್ದು.

ನಾನು ಬಾಗಿಲಿಗೆ ಬರುವ ಹೊತ್ತಿಗೆ ಡೀಕನ್ ಒಳಗಿದ್ದ. ಪೀಠದ ಮೇಲೆ ಅವನ ಅಭ್ಯಾಸದ ಪುಸ್ತಕ ಸ್ಟ್ಯಾಂಡಿನ ಸಮೇತ ತೆರೆದಿತ್ತು. ಮೇಜಿನ ಮೇಲೆ ಪಾತ್ರೆ. ಅದರ ಕೆಳಗೆ ಲಿನನ್ ವಸ್ತ್ರವಿರಲಿಲ್ಲ, ಪಕ್ಕದಲ್ಲಿ ದೀಪವಿರಲಿಲ್ಲ, ಮೇಲೆ ಮುಸುಕಿರಲಿಲ್ಲ. ಮುಚ್ಚಳ ಮಾತ್ರ ಸರಿಯಾಗಿ ಕೂತಿತ್ತು. ಅವನು ಮುಚ್ಚಳ ತೆಗೆದು ಸುರಿದ. ಡಬ್ಬ ಆಗ ತಾನೇ ತೆರೆದದ್ದು, ಪವಿತ್ರೀಕರಿಸದ ಬಿಲ್ಲೆಗಳಿಂದ ಹೆಚ್ಚುಕಡಿಮೆ ತುಂಬಿತ್ತು. ಬಿಲ್ಲೆಗಳು ಬೀಳುವ ಸದ್ದು ಒಣ ಎಲೆಯ ಸದ್ದಿನಂತೆ ಬಂತು. ಸಮವಾಗಲಿ ಎಂದು ಡಬ್ಬವನ್ನು ಒಮ್ಮೆ ಅಲ್ಲಾಡಿಸಿದ.

ಅಷ್ಟರಲ್ಲಿ ಎದುರಿನ ಬಾಗಿಲು ತೆರೆದು ಸಿಸ್ಟರ್ ಬಂದರು. ಪೂಜಾ ಸಾಮಗ್ರಿಯ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಅವರು ಹಾಸನದ ಕಡೆಯವರು. ಆ ಮನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಅವರ ಕೈಯಲ್ಲಿ ಒಂದು ಪಾತ್ರೆಯಿತ್ತು. ಡೀಕನ್ನನ ಕೈಯನ್ನು ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು. ನನ್ನ ಕಡೆ ತಿರುಗಿದರು.

"ಸ್ವಾಮಿ, ಅಭ್ಯಾಸದ್ದು ನನ್ ಕೈಲಿದೆ. ನಿನ್ನೆ ಪಾಲಿಶ್‌ಗೆ ಅಂತ ತಗೊಂಡೋಗಿದ್ದೆ. ಅದ್ಯಾವುದು?"

ನಾನು ಉತ್ತರ ಹೇಳುವ ಮುಂಚೆ ನನ್ನ ಬೆನ್ನ ಹಿಂದೆ ವೈಸ್ ರೆಕ್ಟರ್ ಬಂದರು. ಒಂದು ಕೈಯಲ್ಲಿ ಗೂಡಿನ ಕೀಲಿ, ಇನ್ನೊಂದರಲ್ಲಿ ಕಾರಿನ ಕೀಲಿ. "ಆ ವ್ಯಾನಿನವನು ನನ್ನ ಅರ್ಧ ಬೆಳಿಗ್ಗೆ ತಿಂದ" ಎನ್ನುತ್ತಲೇ ಬಂದವರು ಖಾಲಿ ಪಾತ್ರೆ ನೋಡಿ ನಿಂತರು.

"ಅದರಲ್ಲಿ ಇದ್ದದ್ದು ಎಲ್ಲಿ?"

ಡೀಕನ್ ಡಬ್ಬ ನೋಡಿದ. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ನಿಧಾನವಾಗಿ ಇಟ್ಟ. ಆಮೇಲೆ ಮೊಣಕಾಲೂರಿದ.

"ಇದರಲ್ಲಿ. ನಾನು ಸುರಿದೆ, ಫಾದರ್."

ವೈಸ್ ರೆಕ್ಟರ್ ಒಳಗೆ ಬಂದು ಡಬ್ಬದಲ್ಲಿ ಇಣುಕಿದರು. ಬಿಲ್ಲೆಗಳೆಲ್ಲ ಒಂದೇ ಬಿಳುಪು, ಒಂದೇ ಗಾತ್ರ. ಮೇಲಿನವನ್ನು ತೆಗೆದರೆ ಸಾಕೇ ಎಂದು ನಾನು ಒಂದು ಕ್ಷಣ ಯೋಚಿಸಿದೆ. ಅವನು ಅಲ್ಲಾಡಿಸಿದ್ದು ನೆನಪಾಯಿತು.

ಮೊದಲು ಮಾತಾಡಿದವರು ವೈಸ್ ರೆಕ್ಟರ್. "ಇದಕ್ಕೆ ಹಳೇ ಪುಸ್ತಕದಲ್ಲೇ ದಾರಿ ಇದೆ. ಡಬ್ಬಾನ ಬೀಗದೊಳಗೆ ಇಡೋದು. ನಾಳೆ ಪೂಜೇಲಿ ಪೀಠದ ಮೇಲಿಟ್ಟು, ಯಾವುದು ಇನ್ನೂ ಪವಿತ್ರ ಆಗಿಲ್ಲವೋ ಅದಕ್ಕೆ ಮಾತ್ರ ಅನ್ನೋ ಉದ್ದೇಶದಿಂದ ಮಾತು ಹೇಳೋದು. ಎಲ್ಲ ಸರಿಹೋಗುತ್ತೆ."

"ಯಾವ ಪುಸ್ತಕ?" ಎಂದ ಡೀಕನ್, ಮೊಣಕಾಲಿನ ಮೇಲಿದ್ದುಕೊಂಡೇ.

"ನೀನು ಪ್ರೀತಿಸ್ತೀಯಲ್ಲ, ಆ ಕಾಲದ್ದು. ನಾನು ಅದನ್ನ ಲ್ಯಾಟಿನ್ನಲ್ಲಿ ಬಾಯಿಪಾಠ ಮಾಡಿದೋನು, ಲ್ಯಾಡ್. ತಪ್ಪಿದರೆ ಬೆರಳಿನ ಗಂಟಿಗೆ ರೂಲರ್ ಬೀಳೋದು."

ಅವರ ಗುರುಮಠದ ಮೊದಲ ವರ್ಷಗಳು ಹಳೆಯ ಪದ್ಧತಿಯಲ್ಲೇ ಕಳೆದಿದ್ದವು ಎಂದು ನನಗೆ ಗೊತ್ತಿತ್ತು. ಡೀಕನ್ನನಿಗೆ ಅದು ಅಂದೇ ಗೊತ್ತಾದದ್ದು. ಆದರೂ ಅವನು ತಲೆ ಆಡಿಸಿದ. "ಆಗಿಹೋದದ್ದರ ಮೇಲೆ ಮತ್ತೆ ಆ ಮಾತು ಹೇಳೋದು... ನನ್ನಿಂದ ಆಗಲ್ಲ, ಫಾದರ್."

"ನಿನ್ನನ್ನ ಯಾರು ಹೇಳು ಅಂದ್ರು? ನೀನಿನ್ನೂ ಗುರು ಅಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ಆ ಕೋಣೆಯಲ್ಲಿ ಪೂಜಾವಿಧಿ ನನ್ನ ಜವಾಬ್ದಾರಿ. ವೈಸ್ ರೆಕ್ಟರ್ ಹೇಳಿದ ದಾರಿ ತಪ್ಪಲ್ಲ, ಹಾಗೆ ಬರೆದವರಿದ್ದಾರೆ. ಆದರೆ ಹಾಗೆ ಮಾಡಿದರೆ ಆ ಡಬ್ಬ ಮಾರನೆಯ ಬೆಳಗಿನವರೆಗೆ ಎಲ್ಲಾದರೂ ಇರಬೇಕಿತ್ತು. ಡಬ್ಬದ ಮೇಲೆ ಅದು ಏನೆಂದು ಬರೆದಿಲ್ಲ. ಗೂಡಿನ ಒಳಗೆ ಹಿಡಿಯುವುದಿಲ್ಲ. ಪೈಪಿನ ಕೆಲಸಕ್ಕೆ ಜನ ಮನೆಯೆಲ್ಲ ಓಡಾಡುತ್ತಿದ್ದಾರೆ. ಆ ಬೆಳಿಗ್ಗೆ ಆದದ್ದೆಲ್ಲ ಒಂದು ಪಾತ್ರೆಯನ್ನು ಸ್ವಲ್ಪ ಹೊತ್ತು ಇಟ್ಟು ಹೋದದ್ದರಿಂದ ಆದದ್ದು. ಎರಡನೆಯ ಸಲ ಏನನ್ನೂ ಇಟ್ಟುಹೋಗುವುದು ಬೇಡ ಎನಿಸಿತು.

"ಇಲ್ಲೇ, ಈಗಲೇ, ಎಲ್ಲವನ್ನೂ ಸ್ವೀಕರಿಸೋಣ" ಎಂದೆ. "ಎಲ್ಲವೂ ಪವಿತ್ರೀಕರಿಸಿದ್ದು ಅಂತಲೇ ತಿಳಿದು."

"ಪೂರ್ತಿ ಡಬ್ಬ?" ಎಂದರು ವೈಸ್ ರೆಕ್ಟರ್.

"ಪೂರ್ತಿ."

ಅವರು ಡಬ್ಬದ ಆಳ ನೋಡಿದರು. "ನನಗೆ ಸಕ್ಕರೆ ಕಾಯಿಲೆ. ನರ್ಸಿಗೆ ಏನು ಹೇಳಲಿ, ಸ್ವಲ್ಪ ಜಾಸ್ತಿ ಪ್ರಾರ್ಥನೆ ಮಾಡಿದೆ ಅಂತಲಾ?"

"ನೀವು ಬೇಡ. ನಾವು ಮೂವರು ಮಾಡ್ತೀವಿ."

"ಹಾಗೆ ಹೇಳಬೇಡ. ಇಟ್ಟು ಹೋದವನು ನಾನು." ಅವರು ಕೋಟು ಬಿಚ್ಚಿ ಬೆಂಚಿನ ಮೇಲೆ ಹಾಕಿದರು.

ಪೀಠದ ಮೇಲಿಂದ ಅಭ್ಯಾಸದ ಪುಸ್ತಕ ತೆಗೆಸಿದೆ. ಲಿನನ್ ವಸ್ತ್ರ ಹಾಸಿದೆ. ಸಿಸ್ಟರ್ ಎರಡು ಮೇಣದ ಬತ್ತಿ ಹಚ್ಚಿದರು, ನೀರಿನ ಜಗ್ಗು ಮತ್ತು ಲೋಟಗಳನ್ನು ತಂದರು. ಡಬ್ಬವನ್ನು ಡೀಕನ್ ತರಲಿಲ್ಲ. ನೀವೇ ತನ್ನಿ ಎಂದ. ನಾನು ತಂದು ವಸ್ತ್ರದ ಮೇಲಿಟ್ಟೆ. ಒಂದು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಪ್ರಸಾದ ಸ್ವೀಕರಿಸಬಾರದೆಂಬ ನಿಯಮವಿದೆ. ಸಿಸ್ಟರ್ ಅದನ್ನು ಕೇಳಿದರು. ಪರಮಪ್ರಸಾದಕ್ಕೆ ಅಪಚಾರ ಆಗದಂತೆ ತಡೆಯುವಾಗ ಅದು ಅನ್ವಯಿಸುವುದಿಲ್ಲ ಎಂದು ಹೇಳಿದೆ. ಅವರೂ ಬಂದು ಮೊಣಕಾಲೂರಿದರು.

ನಾಲ್ವರೂ ಪೀಠದ ಸುತ್ತ ಮೊಣಕಾಲೂರಿದ್ದೆವು. ಒಂದು ಬಿಲ್ಲೆ ಬಾಯಲ್ಲಿ ಕರಗುವುದು ಸುಲಭ. ಹತ್ತಾದ ಮೇಲೆ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಆಮೇಲೆ ಗಂಟಲು ಒಣಗಿ ನುಂಗಲು ಆಗುವುದಿಲ್ಲ. ಒಂದೊಂದೇ ತೆಗೆದುಕೊಳ್ಳುತ್ತಿದ್ದವರು ಆಮೇಲೆ ಮೂರು ನಾಲ್ಕು ಸೇರಿಸಿ, ಒಂದು ಗುಟುಕು ನೀರು ಕುಡಿಯುತ್ತ ಹೋದೆವು. ಡೀಕನ್ ಮಾತ್ರ ಕೊನೆಯವರೆಗೂ ಒಂದೊಂದೇ ತೆಗೆದುಕೊಂಡ. ನಡುವೆ ಒಮ್ಮೆ ವೈಸ್ ರೆಕ್ಟರಿಗೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಬಾಯಿಂದ ಏನೂ ಬೀಳದಂತೆ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ಬಂತು. ಡೀಕನ್ ಎದ್ದು ಅವರ ಬೆನ್ನ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಲೋಟ ಅವರ ತುಟಿಗೆ ಹಿಡಿದ. ಅವರು ಕುಡಿದರು.

ಆಗ ನನ್ನ ಹಿಂದೆ ಬಾಗಿಲಲ್ಲಿ ಯಾರೋ ನಿಂತದ್ದು ಗೊತ್ತಾಯಿತು. ಬಾಯ್ಲರ್ ಕೆಲಸದವನು. ಕೈಯಲ್ಲಿ ಸ್ಪ್ಯಾನರ್ ಇತ್ತು. ಏನೋ ಕೇಳಲು ಬಂದಿದ್ದ. ಬಿಳಿ ಗಡ್ಡದ, ವಯಸ್ಸಾದ ಮನುಷ್ಯ. ನಾವು ಏನು ಮಾಡುತ್ತಿದ್ದೇವೆಂದು ಅವನಿಗೆ ತಿಳಿಯುವಂತಿರಲಿಲ್ಲ. ಸ್ಪ್ಯಾನರನ್ನು ಸದ್ದಾಗದಂತೆ ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತ. ಏನೂ ಕೇಳದೆ ಹೋದ.

ಮುಗಿದ ಮೇಲೆ ಡಬ್ಬವನ್ನೂ ಪಾತ್ರೆಯನ್ನೂ ನೀರಿನಿಂದ ತೊಳೆದು ಆ ನೀರನ್ನು ಕುಡಿದೆವು. ಇನ್ನೊಮ್ಮೆ ತೊಳೆದ ನೀರನ್ನು ಸಿಸ್ಟರ್ ಪೂಜಾ ಸಾಮಗ್ರಿಯ ಕೋಣೆಯ ವಿಶೇಷ ಸಿಂಕಿಗೆ ಸುರಿದರು. ಅದರ ನೀರು ಚರಂಡಿಗೆ ಸೇರದೆ ನೇರ ಮಣ್ಣಿಗೆ ಇಳಿಯುತ್ತದೆ. ಮೇಜು, ನೆಲ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅಲ್ಲೇ ಹಿಂಡಿದರು. ಅಂದಿನ ಅಭ್ಯಾಸ ನಡೆಯಲಿಲ್ಲ.

ಮಧ್ಯಾಹ್ನ ಡೀಕನ್ ನನ್ನ ಕೋಣೆಗೆ ಬಂದ. ನಿಲುವಂಗಿ ಇರಲಿಲ್ಲ, ಉಣ್ಣೆಯ ಜಂಪರ್ ಹಾಕಿದ್ದ.

"ನಾನು ಶುಕ್ರವಾರದ ಮುಂಚೆ ಹೊರಟುಬಿಡ್ತೀನಿ, ಫಾದರ್. ನಿಮಗ್ಯಾರಿಗೂ ಓಟು ಹಾಕೋ ಕಷ್ಟ ಬೇಡ."

"ಗೊತ್ತಿಲ್ಲದೆ ಆದದ್ದು ಪಾಪವಲ್ಲ ಅಂತ ನಿನಗೆ ನಾನು ಕಲಿಸಬೇಕಾ?"

"ಪಾಪದ ಮಾತಲ್ಲ. ನಾನು ವಸ್ತ್ರ ಇಲ್ಲ, ದೀಪ ಇಲ್ಲ ಅಂತ ನೋಡಿದೆ. ಅಷ್ಟೇ ನೋಡಿದೆ. ಪಾತ್ರೆ ನೋಡಲಿಲ್ಲ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ನಾಳೆ ಆಸ್ಪತ್ರೇಲೂ ಹೀಗೇ ಮಾಡಿದರೆ?"

ಶುಕ್ರವಾರದವರೆಗೆ ಇರು, ಆಮೇಲೆ ಹೋಗುವುದಾದರೆ ನಾನೇ ಸ್ಟೇಷನ್ನಿಗೆ ಬಿಡುತ್ತೇನೆ ಎಂದೆ. ಒಪ್ಪಿದ.

ಸಂಜೆ ಸಿಸ್ಟರ್ ಬತ್ತಿಗಳನ್ನು ಜೋಡಿಸುತ್ತ ಕೇಳಿದರು. "ಮೀಟಿಂಗ್‌ನಲ್ಲಿ ನಿಮ್ಮನ್ನ ಕೇಳ್ತಾರಾ, ಸ್ವಾಮಿ?"

"ಕೇಳ್ತಾರೆ. ನೋಡಿದವನು ನಾನು."

"ವೈಸ್ ರೆಕ್ಟರ್ ಅಡುಗೆಮನೇಲಿ ಹೇಳ್ತಿದ್ರು, ಪೀಠದ ಮೇಲಿಟ್ಟಿದ್ದೆ ಅಂತ."

"ನೀವು ಬಂದಾಗ ಎಲ್ಲಿತ್ತು?"

"ನಾನು ಬರೋಷ್ಟರಲ್ಲಿ ಅದು ಆ ಹುಡುಗನ ಕೈಲಿತ್ತಲ್ಲ. ನಾನೆಂಗೆ ಹೇಳ್ಲಿ?" ಬತ್ತಿಯ ಮೇಣ ಉಗುರಿನಿಂದ ಕೆರೆದರು. "ಅವ್ರು ಸುಳ್ಳು ಹೇಳೋರಲ್ಲ, ಸ್ವಾಮಿ. ಆದ್ರೆ ನಲವತ್ತೈವತ್ತು ವರ್ಷ ಪೀಠದ ಮೇಲೇ ಇಟ್ಟ ಕೈ ಅದು. ನೆನಪು ಅಲ್ಲಿಗೇ ಹೋಗತ್ತೆ. ನೀವು ಕಂಡಿದ್ದು ಹೇಳ್ಬಿಡಿ. ಅವ್ರು ಕೊಡ್ಸಿದ ಕೋಟು ಹಾಕ್ಕೊಂಡ್ ಹೋಗ್ಬೇಡಿ ಅಷ್ಟೇ."

ಪಾತ್ರೆ ಪೀಠದ ಮೇಲಿತ್ತು ಎಂದಾದರೆ ಡೀಕನ್ನನಿಗೆ ಕ್ಷಮೆಯಿಲ್ಲ. ಪೀಠದ ಮೇಲಿನ ಪಾತ್ರೆಯನ್ನು ಕೇಳದೆ ಮುಟ್ಟಿ ಸುರಿಯುವವನಿಗೆ ಯಾರೂ ದೀಕ್ಷೆ ಕೊಡಲಾರರು. ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿತ್ತು.

ಶುಕ್ರವಾರ ನಾಲ್ವರು ಕೂತೆವು: ಗುರುಮಠದ ಮುಖ್ಯಸ್ಥರಾದ ರೆಕ್ಟರ್, ವೈಸ್ ರೆಕ್ಟರ್, ವಿದ್ಯಾರ್ಥಿಗಳ ಮಾನಸಿಕ ಸ್ಥಿತಿ ನೋಡಿಕೊಳ್ಳುತ್ತಿದ್ದ ಉಪನ್ಯಾಸಕಿ, ನಾನು. ರೆಕ್ಟರ್ ಮಂಗಳವಾರದ ವಿಷಯದಿಂದಲೇ ಶುರು ಮಾಡಿದರು. ವೈಸ್ ರೆಕ್ಟರ್ ಶಾಂತವಾಗಿ ಹೇಳಿದರು: "ಕೀಲಿ ಮರೆತದ್ದು ನನ್ನ ತಪ್ಪು. ಆದರೆ ನಾನು ಇಟ್ಟದ್ದು ಪೀಠದ ಮೇಲೆ."

ರೆಕ್ಟರ್ ನನ್ನತ್ತ ತಿರುಗಿದರು. ನಾನು ಎಲ್ಲಿ ನಿಂತಿದ್ದೆ ಎಂಬುದರಿಂದ ಹೇಳತೊಡಗಿದೆ. ಪಾತ್ರೆ ಕಿಟಕಿಯ ಕೆಳಗಿನ ಮೇಜಿನ ಮೇಲಿತ್ತು ಎಂದೆ. ವಸ್ತ್ರ, ದೀಪ ಇರಲಿಲ್ಲ ಎಂದೆ. ಡೀಕನ್ ಯಾರನ್ನೂ ಕೇಳಲಿಲ್ಲ, ಒಳಗಿರುವುದನ್ನು ನಿಂತು ನೋಡಲೂ ಇಲ್ಲ ಎಂಬುದನ್ನೂ ಸೇರಿಸಿದೆ. ವೈಸ್ ರೆಕ್ಟರ್ ನನ್ನನ್ನೇ ನೋಡುತ್ತಿದ್ದರು.

"ನೀವು ಬರುವ ಮುಂಚೆ ಅವನೇ ಪೀಠದಿಂದ ಮೇಜಿಗೆ ಸರಿಸಿದ್ದರೆ?" ಎಂದು ಉಪನ್ಯಾಸಕಿ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅದನ್ನು ನಾನು ನೋಡಿಲ್ಲ, ಅಲ್ಲ ಎಂದು ಹೇಳಲಾರೆ ಎಂದೆ.

ವೈಸ್ ರೆಕ್ಟರ್ ಎದ್ದರು. "ಬನ್ನಿ."

ನಾಲ್ವರೂ ಚಿಕ್ಕ ಪ್ರಾರ್ಥನಾಲಯಕ್ಕೆ ಹೋದೆವು. ಅವರು ಬಾಗಿಲ ಹೊರಗೆ ನಿಂತು, ಏನೋ ಹಿಡಿದವರಂತೆ ಕೈಗಳನ್ನು ಎದೆಯ ಮುಂದೆ ಇಟ್ಟುಕೊಂಡು ಒಳಗೆ ನಡೆದರು. ಪೀಠದವರೆಗೆ ಹೋದರು. ಗೂಡಿನ ಕಡೆ ನೋಡಿದರು, ಒಂದು ಕೈಯಿಂದ ಜೇಬು ತಡಕಿದರು. ಪೀಠದ ಕಡೆ ತಿರುಗಿ ಕೈ ಇಳಿಸಲು ಹೋಗಿ ಅಲ್ಲೇ ನಿಲ್ಲಿಸಿದರು.

"ಪುಸ್ತಕ ಇತ್ತು" ಎಂದರು. "ಅವನ ಅಭ್ಯಾಸದ ಪುಸ್ತಕ, ತಿಂಡಿಗೆ ಮುಂಚೆಯೇ ಇಟ್ಟು ಹೋಗಿದ್ದ. ಇಲ್ಲಿ ಅಗಲಕ್ಕೆ ತೆರೆದಿತ್ತು. ಆಟದ ಸಾಮಾನಿನ ಪಕ್ಕ ಪರಮಪ್ರಸಾದ ಇಡೋದು ಹೇಗೆ ಅನ್ನಿಸಿತು." ಕಿಟಕಿಯ ಕಡೆ ಹೋಗಿ ಮೇಜಿನ ಮೇಲೆ ಕೈ ಇಳಿಸಿದರು. "ಇಲ್ಲಿಟ್ಟೆ. ಮರ್ಯಾದೆಗೆ ಅಂತ ಇಲ್ಲಿಟ್ಟೆ."

ಅಭ್ಯಾಸದ ಪಾತ್ರೆಯ ಜಾಗವೇ ಅದೆಂದು ಯಾರೂ ಅವರಿಗೆ ನೆನಪಿಸಬೇಕಾಗಲಿಲ್ಲ. ಅವನು ಮರ್ಯಾದೆಗೆಂದು ರೊಟ್ಟಿಯನ್ನು ಡಬ್ಬಕ್ಕೆ ಸುರಿದ. ಇವರು ಮರ್ಯಾದೆಗೆಂದು ಪಾತ್ರೆಯನ್ನು ಮೇಜಿನ ಮೇಲಿಟ್ಟರು.

ಸಭೆಗೆ ಮರಳಿದ ಮೇಲೆ ಅವರು ಕೂರಲಿಲ್ಲ. "ನಾನು ಇವನಿಗೆ ಈಗಲೇ ಬೇಡ ಅಂತ ಹೇಳೋಕೆ ಬಂದಿದ್ದೆ. ಬಟ್ಟೆ ನೋಡ್ತಾನೆ, ಮನುಷ್ಯರನ್ನ ನೋಡಲ್ಲ ಅಂತ. ಆ ಮಾತನ್ನ ಇವತ್ತು ನಾನು ಹೇಳೋ ಹಾಗಿಲ್ಲ. ಗುರುತುಗಳನ್ನೆಲ್ಲ ತೆಗೆಸಿದವನು ನಾನು, ಗುರುತಿಲ್ಲದೆ ಇಟ್ಟು ಹೋದವನೂ ನಾನು. ಹಾಗಂತ ನನ್ನ ಓಟು ಅವನಿಗೆ ಅಂತ ತಿಳ್ಕೋಬೇಡಿ. ನಾನು ಓಟೇ ಹಾಕಲ್ಲ."

ಉಳಿದವರು ಮೂವರು. ಉಪನ್ಯಾಸಕಿ ಬೇಡ ಎಂದರು. ಇಷ್ಟು ಅತಿಯಾದ ಪಾಪಭೀತಿ ಇರುವವನು ಒಂಟಿಯಾಗಿ ಒಂದು ಚರ್ಚಿನ ಧರ್ಮಕೇಂದ್ರ ನಡೆಸಲಾರ, ಇನ್ನೆರಡು ವರ್ಷ ಕಾಯಲಿ ಎಂದರು. ಅವರ ಕಾರಣ ಹಗುರವಾದದ್ದಲ್ಲ. ರೆಕ್ಟರ್ ಆಗಲಿ ಎಂದರು. ಬಾಕಿ ನಾನು.

ಅವನ ಲ್ಯಾಟಿನ್ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ನಾನು ನೋಡಿದ ಎರಡು ಸಂಗತಿಗಳನ್ನು ಮಾತ್ರ ಇಟ್ಟುಕೊಂಡು ಯೋಚಿಸಿದೆ. ವಿಷಯ ತಿಳಿದ ಕೂಡಲೇ, ಯಾರು ಇಟ್ಟರು ಎಂದು ಕೇಳದೆ, ನಾನು ಸುರಿದೆ ಎಂದ. ಪೀಠದ ಮುಂದೆ ತನ್ನ ಪ್ರಾರ್ಥನೆಯ ನಡುವೆಯೇ, ತನ್ನನ್ನು ಬೇಡ ಎನ್ನುತ್ತಿದ್ದ ಮುದುಕನಿಗೆ ಉಸಿರು ಕಟ್ಟಿದಾಗ ಎದ್ದುಹೋಗಿ ನೀರು ಕುಡಿಸಿದ. ಆಗಲಿ ಎಂದೆ. ಮಂಗಳವಾರದ ಕಾರಣಕ್ಕೆ ಒಂದು ದಿನವೂ ತಡವಾಗಬಾರದು ಎಂದೂ ಹೇಳಿದೆ.

ಅವನಿಗೆ ತಿಳಿಸಲು ವೈಸ್ ರೆಕ್ಟರ್ ತಾವೇ ಹೋದರು. ಅವನ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ಏನು ಮಾತಾಯಿತು ನನಗೆ ಗೊತ್ತಿಲ್ಲ. ಇಬ್ಬರೂ ಹೇಳಲಿಲ್ಲ, ನಾನು ಕೇಳಲಿಲ್ಲ. ಊಹಿಸಿ ಬರೆಯುವುದೂ ಇಲ್ಲ. ಶನಿವಾರ ಬೆಳಿಗ್ಗೆ ಡೀಕನ್ ತಿಂಡಿಗೆ ಬಂದ. ಅವನನ್ನು ಸ್ಟೇಷನ್ನಿಗೆ ಬಿಡುವ ಅಗತ್ಯ ಬರಲಿಲ್ಲ. ಆ ಬೇಸಿಗೆಯಲ್ಲಿ ಅವನಿಗೆ ದೀಕ್ಷೆಯಾಯಿತು.

ಪೀಠದ ಸುತ್ತ ಮೊಣಕಾಲೂರಿದ ನಾಲ್ವರಲ್ಲಿ ವೈಸ್ ರೆಕ್ಟರ್ ತೀರಿಕೊಂಡಿದ್ದಾರೆ. ರೆಕ್ಟರ್ ಮತ್ತು ಉಪನ್ಯಾಸಕಿ ಅಲ್ಲಿರಲಿಲ್ಲ. ಅವರಿಗೆ ಗೊತ್ತಿರುವುದು ನಾವು ಹೇಳಿದ್ದಷ್ಟೇ. ಕಂಡವರಲ್ಲಿ ನಾನಿದ್ದೇನೆ. ಸಿಸ್ಟರ್ ಮ್ಯಾಂಚೆಸ್ಟರಿನ ಒಂದು ಕಾನ್ವೆಂಟಿನಲ್ಲಿದ್ದಾರೆ. ಮೊಣಕಾಲು ಕೈಕೊಟ್ಟಿದೆ, ನೆನಪು ಕೈಕೊಟ್ಟಿಲ್ಲ. ಆ ಡೀಕನ್ ಈಗ ಲೀಡ್ಸ್ ಹತ್ತಿರದ ಒಂದು ಧರ್ಮಕೇಂದ್ರದ ಗುರು. ಬಾಗಿಲಲ್ಲಿ ನಿಂತಿದ್ದ ಬಾಯ್ಲರ್ ಕೆಲಸದವನ ಹೆಸರು ನಾನು ಕೇಳಲಿಲ್ಲ. ಅವನೂ ಬದುಕಿದ್ದರೆ, ನಾವು ನಾಲ್ವರು.